ಮನೆಯಲ್ಲೇ ಪಾದಮರ್ದನ: ಒತ್ತುವ ಮೊದಲು ಮುಟ್ಟಿ ನೋಡಿ

ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಜನ ನಡೆದೇ ಹೊರಡುತ್ತಾರೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ತಾಳಬೆಟ್ಟದಿಂದ ಮುಂದೆ ಕಾಡು, ಕಲ್ಲು, ಏರು. ಹರಕೆ ಹೊತ್ತವರು ಚಪ್ಪಲಿಯನ್ನೂ ಬಿಟ್ಟಿರುತ್ತಾರೆ. ಮಾದಪ್ಪನ ದರ್ಶನ ಮಾಡಿ ಬಸ್ಸಿನಲ್ಲಿ ಮರಳಿದವರು ಜಗಲಿಯ ಮೇಲೆ ಕಾಲು ಚಾಚಿ ಕುಳಿತರೆಂದರೆ ಕೇಳುವುದು ಒಂದೇ ಮಾತು: 'ಯಾರಾದರೂ ಸ್ವಲ್ಪ ಕಾಲು ನೀವಿಕೊಡಿ.'

ಯಾತ್ರೆಯ ಮಾತು ಬಿಡಿ, ದಿನನಿತ್ಯವೂ ಈ ಸೀಮೆಯ ಕಾಲುಗಳಿಗೆ ಬಿಡುವಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು ಕೈಮಗ್ಗದಲ್ಲಾದರೆ ದಿನವಿಡೀ ತುಳಿಯುತ್ತಾರೆ, ವಿದ್ಯುತ್ ಮಗ್ಗದಲ್ಲಾದರೆ ದಿನವಿಡೀ ನಿಲ್ಲುತ್ತಾರೆ. ಯಳಂದೂರಿನ ಗದ್ದೆಯಲ್ಲಿ ಕಾಲು ನೆನೆಯುತ್ತದೆ, ಹನೂರಿನ ಹೊಲದಲ್ಲಿ ಒಡೆಯುತ್ತದೆ. ಆದುದರಿಂದ ಪಾದಮರ್ದನ ನಮಗೆ ಹೊಸತೇನಲ್ಲ. ಮೈಗೆ ಎಣ್ಣೆ ಹಚ್ಚುವಾಗ ತಲೆ, ಕಿವಿ ಹಾಗೂ ಪಾದಗಳಿಗೆ ವಿಶೇಷ ಗಮನ ಕೊಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಹೊಸದಾಗಿ ಬಂದಿರುವುದು 'ರಿಫ್ಲೆಕ್ಸಾಲಜಿ' ಎಂಬ ಹೆಸರು, ಜೊತೆಗೆ ಪಾದದ ಚಿತ್ರದ ಮೇಲೆ ಬಣ್ಣಬಣ್ಣದಲ್ಲಿ ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ಗುರುತಿಸಿದ ನಕಾಶೆ.

ಈ ನಕಾಶೆ ಪ್ರಾಚೀನವೆಂದು ಹಲವರು ಭಾವಿಸಿದ್ದಾರೆ. ಇಂದು ಮಾರಾಟವಾಗುವ ರೂಪದಲ್ಲಿ ಅದು ಕಳೆದ ಶತಮಾನದ್ದು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ ದೇಹವನ್ನು ತಲೆಯಿಂದ ಕಾಲಿನವರೆಗೆ 10 ಪಟ್ಟಿಗಳಾಗಿ ವಿಂಗಡಿಸಿ 1917ರಲ್ಲಿ ಪುಸ್ತಕ ತಂದರು. ಅಲ್ಲಿಯವರೇ ಆದ ಯೂನಿಸ್ ಇಂಗ್‌ಹ್ಯಾಮ್ 1930ರ ದಶಕದಲ್ಲಿ ಅದನ್ನು ಪಾದಕ್ಕೆ ಇಳಿಸಿದರು. ಅಂಗಾಲಿನ ಇಂಥ ಜಾಗ ಒತ್ತಿದರೆ ಇಂಥ ಅಂಗ ಸರಿಹೋಗುತ್ತದೆ ಎಂಬುದು ವಾದ. ಆದರೆ ಹಾಗೆ ಸಂಬಂಧ ಕಲ್ಪಿಸುವ ನರಮಾರ್ಗವನ್ನು ಶರೀರಶಾಸ್ತ್ರ ಕಂಡಿಲ್ಲ. ಒಬ್ಬರ ನಕಾಶೆ ಇನ್ನೊಬ್ಬರದಕ್ಕೆ ಪೂರ್ತಿ ಹೊಂದುವುದೂ ಇಲ್ಲ. 2009ರಲ್ಲಿ 18 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೊಂದು, ಯಾವುದೇ ಕಾಯಿಲೆಗೆ ಇದು ಪರಿಣಾಮಕಾರಿ ಎನ್ನಲು ಮನವೊಪ್ಪುವ ಆಧಾರವಿಲ್ಲವೆಂದು ತೀರ್ಮಾನಿಸಿತು.

ಹಾಗಾದರೆ ಕಾಲು ಒತ್ತುವುದು ವ್ಯರ್ಥವೇ? ಖಂಡಿತ ಅಲ್ಲ. 26 ಮೂಳೆಗಳ ಮೇಲೆ ಇಡೀ ಮೈಭಾರ ಹೊತ್ತ ಪಾದದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಮನಸ್ಸು ಹಗುರವಾಗುತ್ತದೆ, ಅನೇಕರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಇಷ್ಟು ಸಾಲದೆ? ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ. ನಮ್ಮ ಅಂಗಾಲನ್ನು ನಾವೇ ನೋಡಿಕೊಳ್ಳುವುದು ಕಷ್ಟ, ವಯಸ್ಸಾದವರಿಗಂತೂ ಅಸಾಧ್ಯ. ಕಾಲು ನೀವುವವರು ಆ ಪಾದವನ್ನು ಬೆಳಕಿನಲ್ಲಿ, ಹತ್ತಿರದಿಂದ ನೋಡುತ್ತಾರೆ.

ಈ ನೋಟ ಏಕೆ ಮುಖ್ಯವೆಂದರೆ, ಸಕ್ಕರೆ ಕಾಯಿಲೆ ಈಗ ಪಟ್ಟಣದವರ ರೋಗವಾಗಿ ಉಳಿದಿಲ್ಲ. ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿದವರಲ್ಲಿ ಪಾದದ ನರಗಳು ನಿಧಾನವಾಗಿ ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ ನೋವಿಲ್ಲ, ಬೊಬ್ಬೆ ಒಡೆದರೂ ಉರಿಯಿಲ್ಲ. ನೋವಿಲ್ಲದ್ದರಿಂದ ಗಾಯವೇ ಇಲ್ಲವೆಂದುಕೊಂಡು ನಡೆಯುತ್ತಲೇ ಇರುತ್ತಾರೆ. ರಕ್ತ ಸಂಚಾರವೂ ಕುಗ್ಗಿದ್ದರೆ ಹುಣ್ಣು ಕೊಳೆತು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯುವ ಸ್ಥಿತಿ ಬರುತ್ತದೆ. ಇಂಥವರ ಕಾಲನ್ನು ಕುದಿನೀರಿಗಿಟ್ಟರೆ ಚರ್ಮ ಬೆಂದರೂ ಅವರು ಕೂಗುವುದಿಲ್ಲ.

ಆದ್ದರಿಂದ ಎಣ್ಣೆ ಬಟ್ಟಲು ತರುವ ಮುನ್ನ ಒಂದು ಪರೀಕ್ಷೆ ಮಾಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ವಿಧಾನವಿದು, ಒಂದು ಕಾಸೂ ಬೇಡ. ಅವರು ಕಣ್ಣು ಮುಚ್ಚಿರಲಿ. ನೀವು ತೋರುಬೆರಳ ತುದಿಯಿಂದ ಅವರ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಗರಿ ತಾಕಿದಷ್ಟೇ ಹಗುರವಾಗಿ, ಒಂದೆರಡು ಸೆಕೆಂಡು ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದಾಗ ಯಾವ ಕಾಲು ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಸ್ಪರ್ಶಜ್ಞಾನ ಕುಂದಿದೆ ಎಂದರ್ಥ. ಅಂಥವರಿಗೆ ಮರ್ದನ ಬೇಡ, ವೈದ್ಯರ ಬಳಿ ಕರೆದೊಯ್ಯಿರಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಕಂಡರೂ ಹಾಗೆಯೇ, ಏಕೆಂದರೆ ಕುಷ್ಠರೋಗವೂ ಹೀಗೆ ಮೊದಲಾಗುತ್ತದೆ. ಸಕಾಲದಲ್ಲಿ ಗುರುತಿಸಿದರೆ ಅದು ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆಗಳಿಂದಲೇ ಗುಣವಾಗುವ ರೋಗ.

ಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೆ ಮುಂದುವರಿಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆಯಿರಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ, ಅವರ ಕಾಲಿನಿಂದಲ್ಲ. ಬೆರಳ ಸಂದುಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಮನೆಯಲ್ಲಿರುವುದು ಸಾಕು, ಒಂದು ಚಮಚ. ಹರಳೆಣ್ಣೆ ಅಂಟು ಹೆಚ್ಚು, ಬೇಕಾದರೆ ಅರ್ಧಕ್ಕರ್ಧ ಬೆರೆಸಿಕೊಳ್ಳಿ. ಬೆರಳ ಸಂದಿಗೆ ಮಾತ್ರ ಎಣ್ಣೆ ಹಚ್ಚಬೇಡಿ, ತೇವ ನಿಂತು ಬಿರಿಯುತ್ತದೆ.

ಅವರು ಗೋಡೆಗೊರಗಿ ಕುಳಿತಿರಲಿ, ಪಾದ ನಿಮ್ಮ ತೊಡೆಯ ಮೇಲಿರಲಿ. ಎರಡೂ ಅಂಗೈಗಳ ನಡುವೆ ಪಾದವನ್ನು ಹಿಡಿದು ಬೆರಳಿನಿಂದ ಹಿಮ್ಮಡಿಯತ್ತ ನಾಲ್ಕಾರು ಸಲ ನಿಧಾನವಾಗಿ ನೀವಿ. ನಂತರ ರಿಫ್ಲೆಕ್ಸಾಲಜಿಯವರಿಂದ ನಿಜಕ್ಕೂ ಕಲಿಯಬೇಕಾದ ಒಂದು ಕೌಶಲವನ್ನು ಬಳಸಿ: ಹೆಬ್ಬೆರಳನ್ನು ಮೊದಲ ಗಿಣ್ಣಿನಲ್ಲಿ ಮಡಿಸುತ್ತಾ, ಬಿಚ್ಚುತ್ತಾ, ಹಿಪ್ಪುನೇರಳೆ ಎಲೆಯ ಮೇಲೆ ರೇಷ್ಮೆಹುಳು ಸರಿಯುವಂತೆ, ಗೋಧಿಕಾಳಿನಷ್ಟು ಮುಂದೆ ಮುಂದೆ ಒತ್ತುತ್ತಾ ಹೋಗುವುದು. ಹಿಮ್ಮಡಿಯಿಂದ ಹೊರಟು ಪ್ರತಿ ಬೆರಳಿನ ಬುಡದವರೆಗೆ ಒಂದೊಂದು ಗೆರೆ. ಹೀಗೆ ಮಾಡಿದರೆ ಅಂಗಾಲಿನ ಯಾವ ಜಾಗವೂ ತಪ್ಪುವುದಿಲ್ಲ, ನಕಾಶೆಯೂ ಬೇಕಾಗುವುದಿಲ್ಲ. ಮಧ್ಯದ ಕಮಾನು ಮೃದು, ಅಲ್ಲಿ ಒತ್ತಡ ಕಡಿಮೆಯಿರಲಿ. ಹಿಮ್ಮಡಿಗೆ ಮುಷ್ಟಿಯ ಗಿಣ್ಣುಗಳನ್ನು ಬಳಸಬಹುದು. ಬೆರಳುಗಳನ್ನು ಒಂದೊಂದಾಗಿ ಹಿಡಿದು ಮೆಲ್ಲಗೆ ತಿರುಗಿಸಿ, ನೆಟಿಕೆ ತೆಗೆಯುವ ಹಟ ಬೇಡ. ಕೊನೆಗೆ ಗುಲಗಂಜಿಮೂಳೆಯ ಸುತ್ತ ನೀವಿ, ಪಾದವನ್ನು ಎರಡೂ ದಿಕ್ಕಿಗೆ ಸುತ್ತಿಸಿ. ಒಂದು ಕಾಲಿಗೆ ಹತ್ತು ನಿಮಿಷ ಸಾಕು. ಎಷ್ಟು ಒತ್ತಬೇಕೆಂಬುದಕ್ಕೆ ಅವರ ಮುಖವನ್ನು ನೋಡುತ್ತಿರಿ, ಹುಬ್ಬು ಗಂಟಿಕ್ಕಿದರೆ ಕೈ ಸಡಿಲಿಸಿ. 'ನೋವಾದಷ್ಟೂ ರೋಗ ಹೊರಬರುತ್ತದೆ' ಎಂಬ ಮಾತಿಗೆ ಆಧಾರವಿಲ್ಲ.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿ ಚುಚ್ಚುವವರು, ಮಗ್ಗದ ಕೆಲಸದಲ್ಲಿರುವವರು, ಕುರ್ಚಿಯಲ್ಲಿ ಕುಳಿತು ಅಂಗಾಲಿನ ಕೆಳಗೆ ಲಟ್ಟಣಿಗೆ ಉರುಳಿಸಿ ನೋಡಬಹುದು. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮವೂ ಜೊತೆಗಿರಲಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮುಟ್ಟಲೇಬಾರದು. ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋದೀತು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡೂ ಪಾದ ಊದಿ ಏದುಸಿರು ಬರುತ್ತಿದ್ದರೆ ಅದು ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು, ಆಯಾಸದ ಬಾವೆಂದು ತಿಳಿದು ಒತ್ತುತ್ತಾ ಕೂರಬಾರದು. ಗಾಯ, ಕೀವು, ಉಳುಕು, ಜ್ವರ ಇದ್ದಾಗ ಮರ್ದನ ಬೇಡ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮಾಡಿಸಿಕೊಳ್ಳಲಿ.

ಇನ್ನು ಬರಿಗಾಲಿನ ಹರಕೆಯ ವಿಷಯ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದುಕೆಗಳನ್ನು ಹೊಲಿದು ಒಪ್ಪಿಸುವ ಸಂಪ್ರದಾಯವಿದೆ. ಕಾಡಿನಲ್ಲಿ ಸಂಚರಿಸಿ ಹಳೆಯ ಜೋಡು ಸವೆಯುತ್ತದೆಂಬುದು ಭಕ್ತರ ನಂಬಿಕೆ. ಸ್ವಾಮಿಗೇ ಪಾದರಕ್ಷೆ ಬೇಕಾದ ನಾಡಿನಲ್ಲಿ ಸಕ್ಕರೆ ಕಾಯಿಲೆಯವರು ಜೋಡು ಮೆಟ್ಟಿ ನಡೆದರೆ ಹರಕೆಗೆ ಕುಂದಾಗದೆಂದು ಹೇಳಲು ನನಗೆ ಸಂಕೋಚವಿಲ್ಲ.

ನಡೆದು ಬಂದವರ ಪಾದದಲ್ಲಿ ಬೊಬ್ಬೆಯಿದ್ದರೆ ಆ ದಿನ ಒತ್ತುವುದು ಬೇಡ. ಚುಚ್ಚಿ ಒಡೆಯದೆ, ತೊಳೆದು, ಸ್ವಚ್ಛ ಬಟ್ಟೆ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿಸಿ. ಇಲ್ಲದಿದ್ದವರಿಗೆ ಮರ್ದನ ಮುಗಿದ ಮೇಲೆ ಅಂಗಾಲಿನ ಎಣ್ಣೆಯನ್ನು ಪೂರ್ತಿ ಒರೆಸಿಯೇ ಎಬ್ಬಿಸಿ. ರೆಡ್ ಆಕ್ಸೈಡ್ ನೆಲದ ಮೇಲೆ ಎಣ್ಣೆಗಾಲಿಟ್ಟು ಜಾರಿದರೆ ಅಜ್ಜಿಯ ಸೊಂಟದ ಮೂಳೆಗೇ ಅಪಾಯ.