ಕಬ್ಬನ್ ಪಾರ್ಕಿನಲ್ಲಿ ಓದಿಗೊಂದು ನೆರಳು

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಚಾಪೆ, ಬೆಡ್‌ಶೀಟುಗಳು ಹರಡಿಕೊಳ್ಳುತ್ತವೆ. ಬಂದವರು ಚಪ್ಪಲಿ ಬಿಟ್ಟು, ಚೀಲದಿಂದ ಪುಸ್ತಕ ತೆಗೆದು ಓದಲು ಕೂರುತ್ತಾರೆ. ಶುಲ್ಕವಿಲ್ಲ, ಹೆಸರು ಬರೆಸುವುದಿಲ್ಲ, ಪಕ್ಕದವರ ಪರಿಚಯ ಮಾಡಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಅಧ್ಯಕ್ಷರ ಭಾಷಣವಂತೂ ಇಲ್ಲವೇ ಇಲ್ಲ. ಬೋರಲು ಮಲಗಿ ಓದುವವರಿದ್ದಾರೆ, ಓದುತ್ತ ಓದುತ್ತ ನಿದ್ದೆಗೆ ಜಾರುವವರೂ ಇದ್ದಾರೆ. ಏಳುವ ಮುನ್ನ ಎಲ್ಲರ ಪುಸ್ತಕಗಳನ್ನೂ ಹುಲ್ಲಿನ ಮೇಲೆ ಜೋಡಿಸಿ ಒಂದು ಫೋಟೊ ತೆಗೆಯುವುದು ವಾಡಿಕೆ.

ಇದು ‘ಕಬ್ಬನ್ ರೀಡ್ಸ್’. ಹರ್ಷ್ ಸ್ನೇಹಾಂಶು ಮತ್ತು ಶ್ರುತಿ ಸಾಹ್ ಎಂಬಿಬ್ಬರು ಇಲ್ಲಿಗೆ ಬಂದು ಓದುತ್ತಿದ್ದುದೇ ಇದರ ಮೊದಲು. 2023ರಲ್ಲಿ ಅದು ವಾರದ ಕೂಟವಾಗಿ ಬೆಳೆಯಿತು. ದೆಹಲಿಯ ಲೋಧಿ ಉದ್ಯಾನ, ಮುಂಬೈಯ ಜುಹುವಿನಲ್ಲೂ ಇದೇ ಮಾದರಿಯ ಗುಂಪುಗಳು ಹುಟ್ಟಿಕೊಂಡವು. ಆಮೇಲೆ ವಿದೇಶಗಳ ನಗರಗಳಿಗೂ ಹಬ್ಬಿತು.

ಕೂಟ ಹೊಸದು, ಪಾರ್ಕಿನಲ್ಲಿ ಓದು ಹೊಸದಲ್ಲ. ಗುಲಾಬಿ ತೋಟದ ಎದುರಿನ ಕೆಂಪು ಕಟ್ಟಡ ನೂರು ವರ್ಷ ದಾಟಿದ ಗ್ರಂಥಾಲಯ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿಸಿದ ಈ ಸ್ಮಾರಕ ಭವನದಲ್ಲಿ ಈಗ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ದಿನಪತ್ರಿಕೆ ತಿರುವಿಹಾಕುವ ನಿವೃತ್ತರಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರಿಗೂ ಇದು ಠಿಕಾಣಿ. ಒಳಗೆ ಕೂತು ಬೇಸರವಾದರೆ ಮೆಟ್ಟಿಲಿಳಿದರೆ ಸಾಕು, ಮರದ ನೆರಳು.

ನಗರದ ನಟ್ಟನಡುವೆ ಇಷ್ಟು ಜಾಗ ಉಳಿದದ್ದು ಹೇಗೆ? ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ಇದನ್ನು ರೂಪಿಸಿದಾಗ ವಿಸ್ತಾರ ಸುಮಾರು 100 ಎಕರೆ. ಆಗಿನ ಹಂಗಾಮಿ ಕಮಿಷನರ್ ಜಾನ್ ಮೀಡ್ ಹೆಸರಿನಲ್ಲಿ ಮೀಡ್ಸ್ ಪಾರ್ಕ್ ಎನಿಸಿಕೊಂಡಿತ್ತು. ಮುಂದೆ, 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ‘ಶ್ರೀ ಚಾಮರಾಜೇಂದ್ರ ಉದ್ಯಾನ’ವೆಂದು ನಾಮಕರಣವಾದರೂ ಆಟೊದವರಿಗೆ ಕಬ್ಬನ್ ಪಾರ್ಕ್ ಎಂದರೇ ಗೊತ್ತಾಗುವುದು. ಕಾಲಕ್ರಮದಲ್ಲಿ ಪಾರ್ಕು ಸುಮಾರು 300 ಎಕರೆಗೆ ಬೆಳೆಯಿತು. ಒಂದು ಬದಿಗೆ ಹೈಕೋರ್ಟಿನ ಅಠಾರಾ ಕಚೇರಿ, ಅದರಾಚೆ ವಿಧಾನಸೌಧ, ಇನ್ನೊಂದು ಬದಿಗೆ ಎಂ.ಜಿ. ರಸ್ತೆಯ ಗದ್ದಲ. ಇಂಥ ನೆಲದ ಮೇಲೆ ಕಣ್ಣು ಬೀಳದೇ ಇರುವುದಿಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದಕ್ಕೆ ಬೇಲಿಯಾಯಿತು. ಹೊಸ ಕಟ್ಟಡದ ಮಾತು ಬಂದಾಗಲೆಲ್ಲ ನಡಿಗೆಗೆ ಬರುವ ನಾಗರಿಕರೇ ದನಿ ಎತ್ತುತ್ತ ಬಂದಿದ್ದಾರೆ.

ಬಿದಿರು ಮೆಳೆಯ ಸುತ್ತಮುತ್ತ ಬೇಸಿಗೆಯಲ್ಲೂ ತಂಪು. ವರ್ಷದ ಮೊದಲ ತಿಂಗಳುಗಳಲ್ಲಿ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದು ಉದುರಿದ ಮೇಲೆ ಗುಲ್‌ಮೊಹರ್ ಕೆಂಪಾಗುತ್ತದೆ. ಹೂವಿನ ಕಾಲದಲ್ಲಿ ಓದುವವರಿಗಿಂತ ಮೊಬೈಲ್ ಹಿಡಿದು ಮೇಲೆ ನೋಡುವವರೇ ಹೆಚ್ಚು.

ಭಾನುವಾರ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ಹಾಗೆಂದು ಅಂದು ನಿಶ್ಶಬ್ದವಿರುತ್ತದೆ ಎಂದುಕೊಳ್ಳಬಾರದು. ಬಾಲಭವನದತ್ತ ಮಕ್ಕಳ ಸೈನ್ಯ, ದಾರಿಯಲ್ಲಿ ಸೈಕಲ್ಲು, ಸಾಕುನಾಯಿಗಳ ಮೆರವಣಿಗೆ. ಒಬ್ಬರೇ ಕೂರುವ ಆಸೆಯಿದ್ದವರಿಗೆ ವಾರದ ದಿನಗಳ ಮಧ್ಯಾಹ್ನವೇ ವಾಸಿ: ವಾಕಿಂಗ್‌ನವರು ಮನೆ ಸೇರಿರುತ್ತಾರೆ, ಸಂಜೆಯವರು ಇನ್ನೂ ಬಂದಿರುವುದಿಲ್ಲ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಇಲ್ಲವೇ ವಿಧಾನಸೌಧ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಾರ್ಕಿಂಗ್ ಹುಡುಕುವ ತಾಪತ್ರಯವಿಲ್ಲ. ನೀರಿನ ಬಾಟಲಿ, ಹಾಸಿಕೊಳ್ಳಲು ಒಂದು ಬಟ್ಟೆ, ಮಳೆಗಾಲವಾದರೆ ಪುಸ್ತಕ ಸುತ್ತಲು ಒಂದು ಪ್ಲಾಸ್ಟಿಕ್ ಕವರ್ ಜೊತೆಗಿರಲಿ.