ದುಂಡು ಮುಖದ ಹಿಂದಿನ ಮಾತ್ರೆ

ಮಲವಗೊಪ್ಪದಂಥ ಊರಿನಲ್ಲಿ ನಾಲ್ಕು ವರ್ಷದ ಮಗು ಬೆಳಿಗ್ಗೆ ಕಣ್ಣು ಊದಿಸಿಕೊಂಡು ಎದ್ದರೆ ಮೊದಲು ಅನುಮಾನ ಬೀಳುವುದು ಹುಳದ ಮೇಲೆ. ಊತ ಹೊಟ್ಟೆಗೂ ಕಾಲಿಗೂ ಇಳಿದ ಮೇಲೆಯೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ನೆನಪು. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರಿ, ರಕ್ತದಲ್ಲಿ ಅದು ಇಳಿದು ಮೈ ಊದುವ ಈ ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ಮುಖ್ಯ ಮದ್ದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್.

ಮೊದಲ ಸಲ ಕಾಣಿಸಿಕೊಂಡಾಗ ರೂಢಿಯ ಲೆಕ್ಕ ಹೀಗೆ: ಒಂದು ಕಿಲೋ ತೂಕಕ್ಕೆ ದಿನಕ್ಕೆ 2 ಮಿಲಿಗ್ರಾಂನಂತೆ 6 ವಾರ, ನಂತರ ಒಂದೂವರೆ ಮಿಲಿಗ್ರಾಂನಂತೆ ದಿನ ಬಿಟ್ಟು ದಿನ ಇನ್ನೂ 6 ವಾರ. ಹದಿನೈದು ಕಿಲೋದ ಮಗುವಿಗೆ ಶುರುವಿಗೇ ದಿನಕ್ಕೆ 30 ಮಿಲಿಗ್ರಾಂ! ಹೆಚ್ಚಿನ ಮಕ್ಕಳಲ್ಲಿ ನಾಲ್ಕು ವಾರದೊಳಗೆ ಸೋರಿಕೆ ನಿಲ್ಲುತ್ತದೆ.

ಕಾಯಿಲೆಯ ಊತ ಇಳಿಯುತ್ತಿದ್ದಂತೆ ಮಾತ್ರೆಯ ದಪ್ಪ ಏರುತ್ತದೆ. ಕೆನ್ನೆ ದುಂಡಗಾಗುತ್ತದೆ, ಊಟ ಮುಗಿದ ಅರ್ಧ ಗಂಟೆಗೇ ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತದೆ. ಪಕ್ಕದ ಮನೆಯವರು, "ಮೈಕೈ ತುಂಬಿಕೊಂಡಿದಾನೆ, ದೃಷ್ಟಿ ತೆಗೀರಿ" ಅನ್ನುತ್ತಾರೆ. ಅದು ಆರೋಗ್ಯದ ಮೈಯಲ್ಲ ಎಂಬುದು ತಾಯಿಗೆ ಮಾತ್ರ ಗೊತ್ತು.

ಈ ಮಾತ್ರೆ ಒಂದು ಹಾರ್ಮೋನಿನ ಬದಲಿ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ದಿನವೂ ಕಾರ್ಟಿಸಾಲ್ ತಯಾರಿಸುತ್ತದೆ. ಅದರ ಹಲವು ಪಟ್ಟು ಬಲದ ಮದ್ದು ಹೊರಗಿನಿಂದ ಬಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ "ಸಾಕು" ಎಂದು ಆದೇಶ ನಿಲ್ಲಿಸುತ್ತದೆ, ಅಡ್ರಿನಲ್ ಸೊರಗುತ್ತದೆ. ಕಾರ್ಖಾನೆಗಳು ಬಾಗಿಲು ಹಾಕಿದ್ದನ್ನು ಕಂಡಿರುವ ಭದ್ರಾವತಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಂತ ಬಾಯ್ಲರ್ ಬೆಳಗಾಗುವುದರೊಳಗೆ ಕಾಯುವುದಿಲ್ಲ. ದೀರ್ಘಕಾಲ ಮಾತ್ರೆ ತಿಂದ ಮಗುವಿನ ಗ್ರಂಥಿ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದೀತು. ಆದ್ದರಿಂದ "ಮುಖ ಊದಿತು" ಎಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಡುವುದು ಮುಖ ಊದುವುದಕ್ಕಿಂತ ದೊಡ್ಡ ಅಪಾಯ. ಜ್ವರ, ವಾಂತಿ ಬಂದಾಗ ಮೈ ಕೇಳುವ ಹಾರ್ಮೋನು ಸಿಗದೆ ರಕ್ತದೊತ್ತಡ ಕುಸಿಯಬಹುದು.

ಕಾಯಿಲೆ ಮರುಕಳಿಸುವುದೇ ಹೆಚ್ಚು, ಹಾಗಾಗಿ ಮಾತ್ರೆಯೂ ಮರಳಿ ಬರುತ್ತದೆ. ಎತ್ತರ ಕುಂಠಿತವಾಗುವುದು, ರಕ್ತದಲ್ಲಿ ಸಕ್ಕರೆ ಏರುವುದು, ಕಣ್ಣಿನ ಪೊರೆ ಇವೆಲ್ಲ ಆಗ. ಸ್ಟೀರಾಯ್ಡ್ ತಗ್ಗಿಸಲು ಬೇರೆ ಮದ್ದು ಹಾಕಿದರೆ ಅವುಗಳಿಗೂ ತಮ್ಮದೇ ತಕರಾರು: ಸೈಕ್ಲೋಸ್ಪೊರಿನ್‌ನಿಂದ ಹುಡುಗಿಯರ ಮುಖದಲ್ಲಿ ಕೂದಲು, ಸೈಕ್ಲೋಫಾಸ್ಫಮೈಡ್ ಮಿತಿ ಮೀರಿದರೆ ಮುಂದೆ ಸಂತಾನಶಕ್ತಿಗೆ ಕುತ್ತು. ಇಂಥ ಜಟಿಲ ಮಕ್ಕಳನ್ನು ನೋಡಲು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡ ವಿಭಾಗವೇ ಇದೆ.

ಮನೆಯಲ್ಲಿ ತಾಯಿ ಬೆಳಗಿನ ಮೂತ್ರಕ್ಕೆ ಪಟ್ಟಿ ಅದ್ದುತ್ತಾಳೆ. ಹಸಿರಾದರೆ ಪ್ರೋಟೀನ್, ಹಳದಿಯಾಗಿಯೇ ಉಳಿದರೆ ಇಲ್ಲ. ಪುಸ್ತಕದಲ್ಲಿ ತಾರೀಖು, ಬಣ್ಣ, ಕೊಟ್ಟ ಮಾತ್ರೆ ಬರೆದು, ಕೊನೆಯ ಕಂಬಸಾಲಿನಲ್ಲಿ ಎತ್ತರ ಬರೆಯಲು ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾಳೆ.