ಸಿಕ್ಕಿದ ಪುಟ ಮತ್ತೆ ಸಿಗಬೇಕಾದರೆ: ಬುಕ್‌ಮಾರ್ಕ್, ಹಿಸ್ಟರಿ ಮತ್ತು ಕೀಬೋರ್ಡ್

ಬೋಧನಾಭ್ಯಾಸದಲ್ಲಿ 9ನೇ ತರಗತಿಗೆ ನಾನು ತೆಗೆದುಕೊಂಡ ಐಸಿಟಿ ಪಾಠದ ವಿಷಯ ಅಂತರ್ಜಾಲದಲ್ಲಿ ಮಾಹಿತಿ ಹುಡುಕುವುದು. ಹುಡುಕುವುದನ್ನು ನಾವೆಲ್ಲರೂ ಕಲಿಸುತ್ತೇವೆ. ಹುಡುಕಿ ಸಿಕ್ಕಿದ್ದನ್ನು ಮಾರನೆಯ ದಿನ ಮತ್ತೆ ತಲುಪುವುದು ಹೇಗೆ ಎಂಬುದನ್ನು ಕಲಿಸುವವರು ಕಡಿಮೆ. ಮಕ್ಕಳು ನಿನ್ನೆ ನೋಡಿದ ಚಿತ್ರವನ್ನೇ ಇವತ್ತು ಮೊದಲಿನಿಂದ ಹುಡುಕುತ್ತಾರೆ. 40 ನಿಮಿಷದ ಅವಧಿಯಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಹಾಗಾಗಿ ಆ ಪಾಠದ ಎರಡನೆಯ ಅವಧಿಯನ್ನು ಪೂರ್ತಿ ಬುಕ್‌ಮಾರ್ಕ್ ಮತ್ತು ಹಿಸ್ಟರಿಗೆ ಇಟ್ಟುಕೊಂಡೆ. ಅದನ್ನು ಮೌಸ್ ಮುಟ್ಟದೆ, ಕೀಬೋರ್ಡಿನಿಂದಲೇ ಕಲಿಸಲು ತೀರ್ಮಾನಿಸಿದೆ.

ಕೀಬೋರ್ಡೇ ಏಕೆ? ವೇಗಕ್ಕಾಗಿ ಎಂದು ಪುಸ್ತಕಗಳು ಹೇಳುತ್ತವೆ. ನನ್ನ ಕಾರಣ ಬೇರೆ. ಆ ತರಗತಿಯಲ್ಲಿ ದೃಷ್ಟಿ ಕಡಿಮೆ ಇರುವ ಒಬ್ಬ ಹುಡುಗಿ ಇದ್ದಳು. ಪರದೆಯನ್ನು ದೊಡ್ಡದು ಮಾಡಿಕೊಂಡರೆ ಅಕ್ಷರ ಓದುತ್ತಾಳೆ. ಮೌಸಿನ ಬಾಣ ಎಲ್ಲಿದೆ ಎಂದು ಹುಡುಕುವುದೇ ಅವಳಿಗೆ ಕಷ್ಟ. ಅವಳ ಪಾಲುದಾರರು ಸಹಾಯ ಮಾಡುವ ಉತ್ಸಾಹದಲ್ಲಿ ಮೌಸ್ ತಾವೇ ಹಿಡಿದುಬಿಡುತ್ತಿದ್ದರು. ಪೂರ್ತಿ ಕಾಣದವರು ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಬಳಸುತ್ತಾರೆ (ಅದು ಉಚಿತವಾಗಿ ಸಿಗುತ್ತದೆ). ಅವರಿಗಂತೂ ಬಾಣದಿಂದ ಪ್ರಯೋಜನವೇ ಇಲ್ಲ.

ಇನ್ನೊಂದು ಮಾತು. ಮೌಸಿನ ಕೆಲಸವನ್ನು ಬಾಯಲ್ಲಿ ಹೇಳಿ ನೋಡಿ: "ಮೇಲೆ ಬಲಗಡೆ, ಚಿಕ್ಕ ನಕ್ಷತ್ರ, ಅಲ್ಲಲ್ಲ, ಅದರ ಪಕ್ಕ." ಕೊನೆಗೆ ನಾವೇ ಎದ್ದು ಹೋಗಿ ಬೆರಳು ತೋರಿಸಬೇಕು. "ಕಂಟ್ರೋಲ್ ಒತ್ತಿ ಹಿಡಿದು ಡಿ ಒತ್ತಿ" ಎಂದರೆ ಕೊನೆಯ ಬೆಂಚಿಗೂ ಕೇಳುತ್ತದೆ, ಕಾಣುವವರಿಗೂ ಕಾಣದವರಿಗೂ ಒಂದೇ ಸೂಚನೆ ಸಾಕಾಗುತ್ತದೆ. ಕೀಬೋರ್ಡ್ ಆದೇಶವನ್ನು ಮಾತಿನಲ್ಲೇ ದಾಟಿಸಬಹುದು. ಬೋಧನೆಯ ದೃಷ್ಟಿಯಿಂದ ನನಗೆ ಮುಖ್ಯವೆನಿಸಿದ್ದು ಇದೇ.

ಆದೇಶಗಳಿಗೆ ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಬೇಕು. ಬುಕ್‌ಮಾರ್ಕ್ ನಾವು ಬೇಕೆಂದು ಎತ್ತಿಟ್ಟದ್ದು. ಹಿಸ್ಟರಿ ನಾವು ಕೇಳದಿದ್ದರೂ ಬ್ರೌಸರ್ ತಾನೇ ಬರೆದಿಟ್ಟುಕೊಂಡದ್ದು. "ಒಂದು ನಿಮ್ಮ ನೋಟ್‌ಬುಕ್, ಇನ್ನೊಂದು ಹಾಜರಿ ಪುಸ್ತಕ" ಎಂದಾಗ ತರಗತಿಗೆ ತಕ್ಷಣ ಹಿಡಿಯಿತು.

ಕಂಟ್ರೋಲ್ ಮತ್ತು ಡಿ ಒತ್ತಿದರೆ ತೆರೆದಿರುವ ಪುಟ ಬುಕ್‌ಮಾರ್ಕ್ ಆಗುತ್ತದೆ. ಆಗ ಒಂದು ಸಣ್ಣ ಪೆಟ್ಟಿಗೆ ಬಂದು, ಕರ್ಸರ್ ಹೆಸರಿನ ಜಾಗದಲ್ಲಿ ನಿಂತಿರುತ್ತದೆ. ಇಲ್ಲಿ ಎಂಟರ್ ಒತ್ತಿ ಮುಂದೆ ಹೋಗುವುದು ಸುಲಭ, ಆದರೆ ನಾನು ಮಕ್ಕಳನ್ನು ಇಲ್ಲೇ ನಿಲ್ಲಿಸಿದೆ. ಪುಟಕ್ಕೆ ಜಾಲತಾಣದವರು ಕೊಟ್ಟ ಶೀರ್ಷಿಕೆ ಇಂಗ್ಲಿಷಿನಲ್ಲಿ ಉದ್ದವಾಗಿರುತ್ತದೆ. ಮಗು ನಾಳೆ ಹುಡುಕುವುದು ತನ್ನ ಮಾತಿನಲ್ಲಿ. ಬ್ರೌಸರ್ ಹೋಲಿಸಿ ನೋಡುವುದು ಹೆಸರನ್ನು ಮತ್ತು ವಿಳಾಸವನ್ನು. ಹೆಸರಿನಲ್ಲಿ ಇಲ್ಲದ ಕನ್ನಡ ಪದವನ್ನು ಟೈಪ್ ಮಾಡಿದರೆ ಪುಟ ಸಿಗುವುದಿಲ್ಲ. ಆದ್ದರಿಂದ ಅಳಿಸಿ, "ಜೀವಕೋಶ ಈರುಳ್ಳಿ ಸಿಪ್ಪೆ ಚಿತ್ರ" ಎಂದು ಬರೆಯಲು ಹೇಳಿದೆ. ಹೆಸರಿಡುವಾಗ ಮಗು ಆ ಪುಟದಲ್ಲಿ ಏನಿದೆ ಎಂದು ಒಂದು ಕ್ಷಣ ಯೋಚಿಸುತ್ತದೆ. ಆ ಒಂದು ಕ್ಷಣವೇ ವಿಜ್ಞಾನದ ಪಾಠಕ್ಕೂ ಲಾಭ. ಟ್ಯಾಬ್ ಕೀ ಒತ್ತಿದರೆ ಯಾವ ಫೋಲ್ಡರ್ ಎಂಬ ಜಾಗಕ್ಕೆ ಹೋಗಬಹುದು. ಅದೇ ಪುಟದಲ್ಲಿ ಮತ್ತೆ ಕಂಟ್ರೋಲ್ ಡಿ ಒತ್ತಿದರೆ ಹೆಸರು ತಿದ್ದಲು ಅಥವಾ ಬುಕ್‌ಮಾರ್ಕ್ ತೆಗೆಯಲು ಅವಕಾಶ ಬರುತ್ತದೆ.

ನೆನಪಿಗಾಗಿ ಕನ್ನಡದ ಗುರುತುಗಳನ್ನು ಮಾಡಿಕೊಂಡೆವು. ಕೆಲವು ನನ್ನವು, ಒಳ್ಳೆಯವೆಲ್ಲ ಮಕ್ಕಳವು. ಡಿ ಎಂದರೆ ಡಬ್ಬಿಗೆ ಹಾಕು. ಕಂಟ್ರೋಲ್ ಎಚ್ ಹಿಸ್ಟರಿ ತೆರೆಯುತ್ತದೆ, ಎಚ್ ಎಂದರೆ ಹಿಂದಿನದು. ಕಂಟ್ರೋಲ್ ಶಿಫ್ಟ್ ಒ ಬುಕ್‌ಮಾರ್ಕ್‌ಗಳ ಪೂರ್ತಿ ಪಟ್ಟಿಯನ್ನು ತೋರಿಸುತ್ತದೆ: ಒಳಗೇನಿದೆ? ಕಂಟ್ರೋಲ್ ಎಲ್ ವಿಳಾಸದ ಪಟ್ಟಿಗೆ ಒಯ್ಯುತ್ತದೆ: ಎಲ್ಲಿಗೆ? ಕಂಟ್ರೋಲ್ ಶಿಫ್ಟ್ ಟಿ ಮುಚ್ಚಿಹೋದ ಟ್ಯಾಬನ್ನು ವಾಪಸ್ ತರುತ್ತದೆ: ತಿರುಗಿ ತಾ. ಇಂಗ್ಲಿಷ್ ಪದಗಳ ಮೊದಲಕ್ಷರ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಚೆನ್ನಾಗಿ ಉಳಿಯಿತು.

ಮತ್ತೆ ಹುಡುಕುವ ಕೆಲಸಕ್ಕೆ ಪಟ್ಟಿ ತೆರೆಯುವುದೇ ಬೇಡ, ವಿಳಾಸದ ಪಟ್ಟಿಯೇ ಸಾಕು. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಎಲ್ ಒತ್ತಿ, ನಕ್ಷತ್ರ ಚಿಹ್ನೆ (ಶಿಫ್ಟ್ ಮತ್ತು 8), ಒಂದು ಜಾಗ ಬಿಟ್ಟು ಪದ ಬರೆದರೆ ಬುಕ್‌ಮಾರ್ಕ್‌ಗಳಲ್ಲಿ ಮಾತ್ರ ಹುಡುಕುತ್ತದೆ. ನಕ್ಷತ್ರದ ಬದಲು ಶಿಫ್ಟ್ ಮತ್ತು 6ರ ಚಿಹ್ನೆ ಹಾಕಿದರೆ ಹಿಸ್ಟರಿಯಲ್ಲಿ ಮಾತ್ರ. ಕ್ರೋಮ್‌ನಲ್ಲಿ ಅದೇ ಜಾಗದಲ್ಲಿ ಶಿಫ್ಟ್ ಮತ್ತು 2ರ ಚಿಹ್ನೆ ಬರೆದರೆ ಬುಕ್‌ಮಾರ್ಕ್, ಹಿಸ್ಟರಿ, ತೆರೆದ ಟ್ಯಾಬ್ ಎಂಬ ಆಯ್ಕೆಗಳು ಬರುತ್ತವೆ. ಕೆಳಬಾಣದ ಕೀಯಿಂದ ಆರಿಸಬಹುದು. ಕ್ರೋಮ್‌ನ ಹಿಸ್ಟರಿ ಪುಟ ಸುಮಾರು 90 ದಿನದವರೆಗಿನದನ್ನು ತೋರಿಸುತ್ತದೆ. ಅರ್ಧವಾರ್ಷಿಕದಲ್ಲಿ ನೋಡಿದ ಪುಟ ವಾರ್ಷಿಕ ಪರೀಕ್ಷೆಗೆ ಬೇಕಾದರೆ ಹಿಸ್ಟರಿ ನಂಬಿ ಕೂರುವಂತಿಲ್ಲ, ಡಬ್ಬಿಗೆ ಹಾಕಿರಬೇಕು.

ಹಿಂದಿನ ಪುಟಕ್ಕೆ ಹೋಗಲು ಆಲ್ಟ್ ಮತ್ತು ಎಡಬಾಣ, ಮುಂದಿನದಕ್ಕೆ ಆಲ್ಟ್ ಮತ್ತು ಬಲಬಾಣ. ಇದಕ್ಕೆ ವಿವರಣೆ ಬೇಕಾಗಲಿಲ್ಲ. ಪ್ರಶಿಕ್ಷಣಾರ್ಥಿಗಳಾದ ನಮಗೆ ಕಂಟ್ರೋಲ್ ಶಿಫ್ಟ್ ಡಿ ಹೆಚ್ಚು ಉಪಯೋಗ: ಪಾಠಯೋಜನೆಗೆ ತೆರೆದುಕೊಂಡ ಎಲ್ಲ ಟ್ಯಾಬ್‌ಗಳನ್ನೂ ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಘಟಕದ ಹೆಸರನ್ನೇ ಫೋಲ್ಡರಿಗೆ ಕೊಟ್ಟರಾಯಿತು.

ಹೆಚ್ಚು ಸಮಯ ಕೊಡಬೇಕಾದ ಭಾಗ ಅಳಿಸುವುದು. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ದಿನಕ್ಕೆ ನಾಲ್ಕು ತರಗತಿ ಕೂರುತ್ತವೆ. ಶಿಕ್ಷಕರು ಬಿಡುವಿನಲ್ಲಿ ಅಲ್ಲೇ ಮಗುವಿನ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾರೆ, ತಮ್ಮ ಇ-ಮೇಲ್ ನೋಡುತ್ತಾರೆ. ಟ್ಯಾಬ್ ಮುಚ್ಚಿದರೆ ಮುಗಿಯಿತು ಎಂದು ಮಕ್ಕಳೂ ದೊಡ್ಡವರೂ ತಿಳಿಯುತ್ತಾರೆ. ಮುಂದೆ ಬಂದವರು "ತಿರುಗಿ ತಾ" ಎಂದು ಮೂರು ಕೀ ಒತ್ತಿದರೆ ಅದೇ ಪುಟ ಎದ್ದು ಬರುತ್ತದೆ; ಲಾಗ್‌ಔಟ್ ಮಾಡಿರದಿದ್ದರೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಜೊತೆಗೆ. ಹಾಗಾಗಿ ತಿರುಗಿ ತರುವುದನ್ನು ಕಲಿಸಿದ ದಿನವೇ ಕಂಟ್ರೋಲ್ ಶಿಫ್ಟ್ ಡಿಲೀಟ್ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲು ಲಾಗ್‌ಔಟ್, ಆಮೇಲೆ ಈ ಮೂರು ಕೀ. ಬರುವ ಪೆಟ್ಟಿಗೆಯಲ್ಲಿ ಎಷ್ಟು ಹೊತ್ತಿನದು ಅಳಿಸಬೇಕೆಂದು ಕೇಳುತ್ತದೆ. ಒಂದು ಗಂಟೆ ಎಂದರೆ ಸಾಕು; ಎಲ್ಲವನ್ನೂ ಅಳಿಸಿದರೆ ಬೇರೆ ತರಗತಿಯವರ ಹಿಸ್ಟರಿಯೂ ಹೋಗುತ್ತದೆ. ಕುಕೀಗಳಿಗೂ ಗುರುತು ಹಾಕಬೇಕು. ಬುಕ್‌ಮಾರ್ಕ್‌ಗಳಿಗೆ ಏನೂ ಆಗುವುದಿಲ್ಲ.

ಗುಪ್ತ ಕಿಟಕಿಯ ವಿಚಾರದಲ್ಲಿ ಬ್ರೌಸರ್‌ಗಳು ಒಂದೇ ಥರ ಇಲ್ಲ. ಕ್ರೋಮ್‌ನಲ್ಲಿ ಕಂಟ್ರೋಲ್ ಶಿಫ್ಟ್ ಎನ್ ಗುಪ್ತ ಕಿಟಕಿ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅದೇ ಕೀಗಳು ಮುಚ್ಚಿದ ಕಿಟಕಿಯನ್ನು ಮತ್ತೆ ತೆರೆಯುತ್ತವೆ, ಹೆಚ್ಚುಕಡಿಮೆ ತದ್ವಿರುದ್ಧ ಕೆಲಸ! ಅಲ್ಲಿ ಗುಪ್ತ ಕಿಟಕಿಗೆ ಕಂಟ್ರೋಲ್ ಶಿಫ್ಟ್ ಪಿ. ಗುಪ್ತ ಕಿಟಕಿಯಲ್ಲಿ ನೋಡಿದ್ದು ಹಿಸ್ಟರಿಗೆ ಸೇರುವುದಿಲ್ಲ, ಆದರೆ ಅಲ್ಲಿ ಹಾಕಿದ ಬುಕ್‌ಮಾರ್ಕ್ ಉಳಿಯುತ್ತದೆ. ಪಾಠಕ್ಕೆ ಮೊದಲು ಲ್ಯಾಬಿನಲ್ಲಿ ಯಾವ ಬ್ರೌಸರ್ ಇದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪಾಠ ವೀಕ್ಷಿಸಿದ ಮೇಡಂ, ಹನ್ನೆರಡು ಆದೇಶಗಳ ಚಾರ್ಟ್ ಗೋಡೆಗೆ ಹಾಕಿದ್ದರೆ ಬೋಧನೋಪಕರಣ ಆಗುತ್ತಿತ್ತು ಎಂದರು. ಚಾರ್ಟ್ ಬೇಡವೆಂದಲ್ಲ. ಆದರೆ ಅದನ್ನು ನೋಡಿ ಓದುವವರಿಗೆ ಮಾತ್ರ ಉಪಯೋಗ. ನಾನು ಇಟ್ಟುಕೊಂಡಿದ್ದ ಗುರಿಗೆ ಅದು ಹೊಂದುವುದಿಲ್ಲ ಎಂದೆ. ಅವರು ಒಪ್ಪಿದರೋ ಇಲ್ಲವೋ, ವೀಕ್ಷಣಾ ಪುಸ್ತಕದಲ್ಲಿ ಎರಡನ್ನೂ ಬರೆದರು.

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಬಳಸಲಿಲ್ಲ. ಜೋಡಿಯಲ್ಲಿ ಒಬ್ಬರು ಪರದೆಗೆ ಬೆನ್ನು ಹಾಕಿ ಕೂತು ಬಾಯಲ್ಲಿ ಆದೇಶ ಹೇಳಬೇಕು, ಇನ್ನೊಬ್ಬರು ಕೇಳಿದ್ದನ್ನಷ್ಟೇ ಒತ್ತಬೇಕು. ನಿನ್ನೆಯ ಪುಟ ತೆರೆದು, ಹೆಸರಿಟ್ಟು ಉಳಿಸಿ, ಕೊನೆಯ ಒಂದು ಗಂಟೆಯದನ್ನು ಅಳಿಸಬೇಕು. ಪ್ರತಿ ಜೋಡಿಗೆ 5 ನಿಮಿಷ. ಆ ಹುಡುಗಿ ತನ್ನ ಸರದಿಯಲ್ಲಿ ಬೆನ್ನು ಹಾಕಿ ಕೂತು, ಒತ್ತುತ್ತಿದ್ದವನಿಗೆ "ಶಿಫ್ಟ್ ಬಿಡಬೇಡ, ಅದನ್ನು ಹಿಡಿದುಕೊಂಡೇ ಟಿ ಒತ್ತು" ಎಂದು ಹೇಳುತ್ತಿದ್ದಳು.